ಎರೆಮಣ್ಣಿನ ವಿಸಿಪಿ

ನಮ್ಮ ಜಯತೀರ್ಥ ಮೂರು ಕೊಟೇಶನ್ ಇಲ್ಲದೆ ಬದನೆಕಾಯಿಯನ್ನೂ ಕೊಳ್ಳುವವನಲ್ಲ. ಅಫಜಲಪುರದ ಸಂತೆಯಲ್ಲಿ ಅವನು ಚೀಲ ಹಿಡಿದು ಬಂದನೆಂದರೆ ಕಾಯಿಪಲ್ಯದವರು ಮುಖ ತಿರುಗಿಸುತ್ತಾರೆ. ಮೂವರ ಹತ್ತಿರ ದರ ಕೇಳಿ, ಮೂವರ ಬದನೆಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಕೊನೆಗೆ ನಾಲ್ಕನೆಯವನ ಹತ್ತಿರ ಹುಳುಕು ಮಾಲು ಕೊಂಡು ಮನೆಗೆ ಬರುವುದು ಅವನ ಪದ್ಧತಿ. ಅವನು ಸರಕಾರಿ ಕಚೇರಿಯೊಂದರಲ್ಲಿ ಖರೀದಿ ನೋಡಿಕೊಳ್ಳುವ ಕಾರಕೂನ. ಕೆಲಸ ರಕ್ತಕ್ಕೆ ಇಳಿದರೆ ಮನುಷ್ಯ ಹೀಗಾಗುತ್ತಾನೆ.

ನಾನು ಅವನ ಪಕ್ಕದ ಮನೆಯ ವ್ಯಂಕಟೇಶ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಾರ ತಂಟೆಗೂ ಹೋಗುವವನಲ್ಲ. ನನ್ನ ದುರ್ದೈವ ಒಂದೇ: ನಮ್ಮ ಓಣಿಗೆಲ್ಲ ದೊಡ್ಡ ಬಣ್ಣದ ಟಿವಿ ನನ್ನ ಪಡಸಾಲೆಯಲ್ಲಿತ್ತು.

ಕಾರ್ಗಿಲ್ ಯುದ್ಧ ಮುಗಿದ ವರ್ಷ. ಹಿರಿಯರ ಪಕ್ಷಮಾಸ ಹತ್ತಿರ ಬಂದಿತ್ತು. ಒಂದು ದಿನ ಜಯತೀರ್ಥನ ತಾಯಿ ಉಮಾಬಾಯಿ, ನಾವೆಲ್ಲ ಉಮಾ ಕಾಕು ಎಂದು ಕರೆಯುವವರು, ಅಕ್ಕಿ ಆರಿಸುತ್ತ ಕೂತವರು ತಟ್ಟನೆ ಕೈ ನಿಲ್ಲಿಸಿ, "ಜಯಾ, ನಿಮ್ಮಪ್ಪನ ಧ್ವನಿ ಮರೆಯಾಕತ್ತೇನೋ" ಎಂದರು.

ಜಯತೀರ್ಥ ಚಹಾದ ಕಪ್ಪು ಕೆಳಗಿಟ್ಟು ತಾಯಿಯ ಎದುರಿಗೆ ಬಂದು ಕೂತ.

ಅವನ ತಂದೆ ವಾದಿರಾಜ ಮಾಸ್ತರರು ನಗದ ಮನುಷ್ಯ. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅವರು ಪೊಲೀಸ್ ಠಾಣೆಯಲ್ಲಿ ನಿಲ್ಲಿಸಿದವರ ಹಾಗೆ ಇದ್ದಾರೆ. ಇಡೀ ಜನ್ಮದಲ್ಲಿ ಅವರು ಬಾಯ್ತುಂಬ ನಕ್ಕದ್ದು ಒಂದೇ ಸಲ, ಹಿರೋಳ್ಳಿಯಲ್ಲಿ ನಡೆದ ಜಯತೀರ್ಥನ ಲಗ್ನದಲ್ಲಿ. ಅದು ವಿಡಿಯೋದಲ್ಲಿ ಸಿಕ್ಕಿತ್ತು. ಯಾಕೆ ನಕ್ಕರೆಂದು ಕೇಳಿದರೆ ಮಾತ್ರ ಜಯತೀರ್ಥ ಹವಾಮಾನದ ಮಾತು ತೆಗೆಯುತ್ತಿದ್ದ. ಲಗ್ನವಾದ ಮೇಲೆ ಬಾಡಿಗೆಯ ವಿಸಿಪಿ ತಂದು ಆ ಕ್ಯಾಸೆಟ್ಟನ್ನು ಒಮ್ಮೆ ನೋಡಿದ್ದರು. ಮುಂದೆ ಸ್ವಲ್ಪ ದಿನದಲ್ಲೇ ಮಾಸ್ತರರು ತೀರಿಕೊಂಡರು. ಅಂದಿನಿಂದ ಹಣೆಗೆ ಏನೂ ಹಚ್ಚದ ಕಾಕು ಆ ಕ್ಯಾಸೆಟ್ಟನ್ನು ರೇಶ್ಮೆ ಅರಿವೆಯಲ್ಲಿ ಸುತ್ತಿ ದೇವರ ಮಾಡದಲ್ಲಿಟ್ಟರು. ನೋಡುವ ಧೈರ್ಯ ಯಾರಿಗೂ ಆಗಲಿಲ್ಲ. ಧೈರ್ಯ ಬರುವ ಹೊತ್ತಿಗೆ ಊರಿಗೆ ಕೇಬಲ್ ಬಂದು, ಬಾಡಿಗೆಗೆ ವಿಸಿಪಿ ಕೊಡುವವರೆಲ್ಲ ಅಂಗಡಿ ಮುಚ್ಚಿದ್ದರು.

"ಅವ್ವಾ, ಬರೇ ತೋರ್ಸೂದಲ್ಲ, ಸಿಡಿ ಮಾಡ್ಸತೇನಿ" ಎಂದು ಜಯತೀರ್ಥ ಘೋಷಿಸಿದ. "ಕ್ಯಾಸೆಟ್ಟಿಗೆ ಬೂಸಲು ಬರ್ತದ. ಸಿಡಿಗೆ ಸಾವಿಲ್ಲ."

ಗುಲಬರ್ಗಾದಲ್ಲಿ ಒಬ್ಬ ಕಂಪ್ಯೂಟರಿನವನು ಕ್ಯಾಸೆಟ್ಟಿನಿಂದ ಸಿಡಿ ಮಾಡಿಕೊಡುತ್ತಿದ್ದ. ಆದರೆ ಅವನ ಪ್ಲೇಯರ್ ಕೆಟ್ಟಿತ್ತು. "ಕಂಪ್ಯೂಟರ್ ನಂದು, ಪ್ಲೇಯರ್ ನಿಮ್ಮದು. ಚಲೋದು ತರ್ರಿ. ಪ್ಲೇಯರ್ ಏನು ತೋರಿಸ್ತದೋ ಅದs ಸಿಡಿಯೊಳಗ ಇಳಿತದ" ಎಂದು ಹೇಳಿ ಕಳಿಸಿದ. ಚಲೋದು ಎಂಬ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಚಿಂತೆಯಿರಲಿಲ್ಲ. ಜಯತೀರ್ಥನಿಗೆ ಹೇಳಿದ.

"ಮೂರು ಪ್ಲೇಯರ್ ಪರೀಕ್ಷಾ ಮಾಡಿ, ಒಂದನ್ನ ಆಯ್ಕೆ ಮಾಡೂದು" ಎಂದು ನನ್ನ ಪಡಸಾಲೆಗೆ ಬಂದು ತೀರ್ಮಾನ ಕೊಟ್ಟ. "ಕ್ಯಾಸೆಟ್ಟು ಒಂದs, ಟಿವಿ ಒಂದs. ನಿಮ್ಮದು ಸರ."

"ನನ್ನ ಕೇಳಿದಿಯೇನು?" ಎಂದೆ.

"ಈಗ ಕೇಳಾಕತ್ತೇನಲ್ಲ" ಎಂದ.

ಮೊದಲನೆಯದು ಬಳೆ ಅಂಗಡಿ ಶರಫುದ್ದೀನನ ವಿಸಿಪಿ. ಅವನ ಭಾವಮೈದುನ ಜೆದ್ದಾದಿಂದ ತಂದು ಕೊಟ್ಟದ್ದು. ಹಾಕಿ ನೋಡಿ ವರ್ಷಗಳೇ ಆಗಿದ್ದರೂ ಅದರ ಮರ್ಯಾದೆ ಕಡಿಮೆಯಾಗಿರಲಿಲ್ಲ. ಅವನ ಹೆಂಡತಿ ಖುರ್ಷಿದಬೇಗಂ ಅದಕ್ಕೆ ಕ್ರೋಶಾದ ಮುಸುಕು ಹೆಣೆದು ಹೊದಿಸಿದ್ದಳು. ಗಂಡ ಹೆಂಡತಿ ಇಬ್ಬರೂ ಅದನ್ನು ಹೊಸ ಮದುವಣಗಿತ್ತಿಯ ಹಾಗೆ ನಮ್ಮ ಮನೆಗೆ ಕರೆತಂದರು. ಕಾಕು ತಮ್ಮ ಮನೆಯೊಳಗಿನಿಂದ ಕ್ಯಾಸೆಟ್ಟು ಕಳಿಸಿ, ಹಿಂದೆಯೇ ತಾವೂ ಬಂದು ಕೂತರು. ಜಯತೀರ್ಥ ಕೈ ತೊಳೆದುಕೊಂಡು ಬಂದು ಹಾಕಿದ.

ಹಿರೋಳ್ಳಿಯ ಹಂದರ ಕಂಡಿತು. ಭಟ್ಟರು ಕಂಡರು. ನಡುವೆ ಅಂತರಪಟ ಹಿಡಿದಿದ್ದಾರೆ, ಎಲ್ಲರ ಮುಷ್ಟಿಯಲ್ಲಿ ಅಕ್ಷತೆ. ಮಗನ ಬಗಲಿಗೆ ಹುಬ್ಬು ಗಂಟಿಕ್ಕಿದ ಮಾಸ್ತರರು. ಕಾಕು ಮುಂದಕ್ಕೆ ಜರುಗಿ ಕೂತರು. ಅಷ್ಟರಲ್ಲಿ ಚಿತ್ರ ಸೊಟ್ಟಗಾಗಿ, ಪರದೆಯ ತುಂಬ ಬಿಳಿ ಚುಕ್ಕಿ ಎದ್ದು, ಜೋಳ ಹುರಿದ ಹಾಗೆ ಸದ್ದು ಬಂತು. ಬೇರೆ ಕ್ಯಾಸೆಟ್ಟು ಹಾಕಿದರೂ ಅದೇ ಜೋಳ.

"ಯಾ ಅಲ್ಲಾ! ನಮ್ ಮಷೀನಿಗೆ ನಜರ್ ಆತು" ಎಂದು ಖುರ್ಷಿದಬೇಗಂ ಎದ್ದು ನಿಂತಳು.

ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿ ಸಿಕಂದರ ಬಂದು ಮುಚ್ಚಳ ಬಿಚ್ಚಿ ನೋಡಿದ. ಒಳಗೆ ಕೆಂಪು ಪುಡಿ ಮೆತ್ತಿಕೊಂಡಿತ್ತು. ಬೆರಳಿಗೆ ಹಚ್ಚಿ ಎಲ್ಲರಿಗೂ ತೋರಿಸಿದ.

"ಕೆಂಪು ಧೂಳು? ನಮ್ಮ ಸೀಮಿಯೆಲ್ಲಾ ಕಪ್ಪ ಎರಿ ಭೂಮಿ. ಇಲ್ಲಿ ಕೆಂಪು ಎಲ್ಲಿಂದ ಬರಬೇಕು?" ಎಂದು ನಾನು ಕೇಳಿದೆ.

"ಜೆದ್ದಾದ ರೇತಿ, ಅಲ್ಲಿಯ ಉಸುಕು" ಎಂದು ಶರಫುದ್ದೀನ ತಲೆ ತಗ್ಗಿಸಿದ. "ರೇಗಿಸ್ತಾನದಿಂದ ಬಂದದ್ದಲ್ರಿ, ಒಳಗs ಕೂತಿತ್ತು ಕಾಣ್ತದ." ಸಿಕಂದರ ಸ್ಪಿರಿಟ್ಟು ಹಾಕಿ ಒರೆಸಿ ಅದಕ್ಕೆ ಮತ್ತೆ ಕಣ್ಣು ಬರಿಸಿದ. ಆದರೂ ಖುರ್ಷಿದಬೇಗಂ ಮುಸುಕಿನ ಕೊನೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಜಯತೀರ್ಥನ ನೆರಳು ಬೀಳದ ಹಾಗೆ ಮನೆಗೆ ಒಯ್ದಳು.

ಬುದ್ಧಿಯಿದ್ದವನು ಅಲ್ಲಿಗೆ ಬಿಡುತ್ತಿದ್ದ. ನಮ್ಮ ಜಯತೀರ್ಥ ಹೋಗಿ ತನ್ನ ಸಾಹೇಬರನ್ನೇ ಕೇಳಿದ.

ನಿಜಾಮುದ್ದೀನ ಸಾಹೇಬರು ಶಿಸ್ತಿನ ಮನುಷ್ಯ. ಅವರ ಹತ್ತಿರ ನಾಲ್ಕು ಹೆಡ್ಡಿನ ವಿಸಿಆರ್ ಇತ್ತು. ಕಚೇರಿಯಲ್ಲಿ ಅದರ ಹೆಸರು ತೆಗೆಯುವಾಗ ಜಯತೀರ್ಥ ಎರಡೂ ಕೈ ಜೋಡಿಸುತ್ತಿದ್ದ. "ನಾಲ್ಕು ತಲಿ ಅಂದ್ರ ಸಾಕ್ಷಾತ್ ಬ್ರಹ್ಮದೇವ್ರು ಸರ" ಎಂದು ನನಗೆ ತಿಳಿಸಿ ಹೇಳಿದ. ಸಾಹೇಬರು ಖುದ್ದಾಗಿ ಜೀಪಿನಲ್ಲಿ ಬಂದರು. ನನ್ನ ಹೆಂಡತಿ ಹೊಸ ಚಾದರ ಹಾಸಿದಳು. ಕಾಕು ಈ ಸಲ ಕ್ಯಾಸೆಟ್ಟು ಕಳಿಸಲು ಸ್ವಲ್ಪ ಹೊತ್ತು ಹಿಡಿಸಿದರು.

ಹಂದರ ಬಂತು. ಭಟ್ಟರು ಬಂದರು. ಅಂತರಪಟ ಬಂತು. ಹುರಿದ ಜೋಳ ಬಂತು.

ಸಾಹೇಬರು ಚಹಾದ ಬಸಿ ಕೆಳಗಿಟ್ಟು, "ಜಯತೀರ್ಥ, ನಾಳೆ ಹನ್ನೊಂದು ಗಂಟೆಯೊಳಗ ಲಿಖಿತ ವಿವರಣೆ ಕೊಡ್ರಿ" ಎಂದು ಎದ್ದು ಹೋದರು.

ಅವನು ಕೊಟ್ಟ. ನನಗೆ ತೋರಿಸಿಯೇ ಕೊಟ್ಟ. "ಸದರಿ ಯಂತ್ರವು ನನ್ನ ಲಗ್ನವನ್ನು ಮೊದಲಿಗೆ ಸಂತೋಷದಿಂದಲೇ ನೋಡುತ್ತಿದ್ದು, ಅಕ್ಷತೆಯ ಸಮಯಕ್ಕೆ ಸರಿಯಾಗಿ ತನ್ನ ದೃಷ್ಟಿಯನ್ನು ಕಳೆದುಕೊಂಡಿರುತ್ತದೆ. ಇದರಲ್ಲಿ ಕೆಳಗೆ ಸಹಿ ಮಾಡಿದವನ ಅಥವಾ ಅವನ ಧರ್ಮಪತ್ನಿಯ ಕೈವಾಡ ಇರುವುದಿಲ್ಲ" ಎಂದಿತ್ತು. ಧರ್ಮಪತ್ನಿಯನ್ನು ನಡುವೆ ತರಬೇಡವೆಂದು ಬಡಕೊಂಡೆ. ಕೇಳಲಿಲ್ಲ. ಕಾಗದ ಕಚೇರಿಯ ಎಲ್ಲ ಟೇಬಲ್ಲು ಸುತ್ತಿ ಸಾಹೇಬರ ಹತ್ತಿರ ಹೋಗುವಷ್ಟರಲ್ಲಿ ಊರ ತುಂಬ ಒಂದೇ ಸುದ್ದಿ: ಜಯತೀರ್ಥನ ಹೆಂಡತಿಯ ಮುಖ ಕಾಣುವ ಮೊದಲೇ ಮಷೀನುಗಳು ಕಣ್ಣು ಮುಚ್ಚುತ್ತವಂತೆ.

ಅವನ ಹೆಂಡತಿ ಪ್ರಮಿಲಾ ಅಡಿಗೆಮನೆಯಲ್ಲಿ ಲಟ್ಟಣಿಗೆ ಕುಕ್ಕಿದ ಸಪ್ಪಳ ನನ್ನ ಮನೆಯವರೆಗೆ ಕೇಳಿಸಿತು. "ನನ್ನ ಮಾರಿ ನೋಡಿ ಕೆಟ್ಟಾವು ಅಂತಾರ! ಇಷ್ಟು ವರ್ಷ ನಿಮ್ಮ ಮನಿ ಕನ್ನಡಿ ಒಡದದೇನು? ಬಾಯಿ ಬಿಡ್ರಿ!"

"ನಿನ್ನ ಮಾರಿ ಇನ್ನೂ ಬಂದs ಇದ್ದಿಲ್ಲ, ಅದರ ಮೊದ್ಲs ಕೆಟ್ಟದ" ಎಂದು ಜಯತೀರ್ಥ ಸಮಾಧಾನ ಹೇಳಿದ. ಅಂದು ಅವನು ನಮ್ಮ ಮನೆಯಲ್ಲಿ ಊಟ ಮಾಡಿದ. ಪ್ರಮಿಲಾ ಎಸ್‌ಟಿಡಿ ಬೂತಿಗೆ ಹೋಗಿ ತವರೂರು ಹಿರೋಳ್ಳಿಗೆ ಫೋನು ಮಾಡಿದಳು.

ಇತ್ತ ಸಿಕಂದರ ಸಾಹೇಬರ ವಿಸಿಆರ್ ಬಿಚ್ಚಿದರೆ ಅದರಲ್ಲೂ ಕೆಂಪು ಧೂಳು. ಸಾಹೇಬರು ಹಿಂದೆ ಚಿತ್ರದುರ್ಗದ ಕಡೆ ನೌಕರಿ ಮಾಡಿದವರು ಎಂಬುದು ಜಯತೀರ್ಥನಿಗೆ ನೆನಪಾಯಿತು. ಅಲ್ಲಿ ಕೆಂಪು ಮಣ್ಣು. ಅವನ ಮುಖ ಅರಳಿತು. ಮನುಷ್ಯನಿಗೆ ಸತ್ಯ ಸಿಗದಿದ್ದರೂ ನಡೆಯುತ್ತದೆ, ಒಂದು ಸಿದ್ಧಾಂತ ಸಿಕ್ಕರೆ ಸಾಕು.

"ತಿಳೀತು ಸರ! ಜೆದ್ದಾದ ಮಷೀನು, ಕೆಂಪು. ದುರ್ಗದ ಮಷೀನು, ಕೆಂಪು. ಹೊರಗಿನ ಮಣ್ಣು ಉಂಡ ಮಷೀನು ನಮ್ಮ ಹವಾಕ್ಕ ತಡಿಯೂದಿಲ್ಲ. ನಮಗ ಬೇಕಾದ್ದು ಎರಿಮಣ್ಣಿನ ಮಷೀನು."

"ಲೇ, ಎಲ್ಲಾ ಜಪಾನಿನಾಗ ಹುಟ್ಟತಾವೋ!"

"ಹುಟ್ಟೂದು ಅಲ್ಲಿ ಇರ್ಲಿ ಸರ. ಬೆಳದದ್ದು ಎಲ್ಲಿ ಅನ್ನೂದು ಮುಖ್ಯ."

ಸಿಕಂದರ, "ಇದ್ದರೂ ಇರಬಹುದ್ರಿ" ಎಂದ. ಅವನಿಗೆ ಎರಡು ಮಷೀನು ಒರೆಸುವ ಕೆಲಸ ಸಿಕ್ಕಿತ್ತು, ಯಾಕೆ ಅಡ್ಡ ಮಾತಾಡುತ್ತಾನೆ.

ಮುಂದೆ ಜಯತೀರ್ಥ ರಜೆ ಹಾಕಿ ಎರೆಮಣ್ಣಿನ ವಿಸಿಪಿ ಹುಡುಕಲು ಹೊರಟ. ಜೇವರ್ಗಿಗೆ ಹೋದ, ಕೊಳಕೂರಿಗೆ ಹೋದ. ಹೋದಲ್ಲೆಲ್ಲ ಕನ್ಯೆ ನೋಡಲು ಬಂದವನ ಹಾಗೆ ಕೂತು, "ಇದು ಯಾವಾಗರ ಪರಸ್ಥಳಕ್ಕ ಹೋಗ್ಯದೇನ್ರಿ? ಕೆಂಪು ಮಣ್ಣಿನ ಊರಾಗ ವಸ್ತಿ ಮಾಡ್ಯದೇನು?" ಎಂದು ವಿಚಾರಿಸಿದ. ಕೊಳಕೂರಿನ ಗೌಡರ ಮನೆಯವರು ಚೂಡಾ, ಚಹಾ ಕೊಟ್ಟು, ತಮ್ಮ ವಿಸಿಪಿ ಮನೆ ಬಿಟ್ಟು ಹೊರಗೆ ಹೋದದ್ದೇ ಇಲ್ಲ ಎಂದರು. ಆಮೇಲೆ ಮನೆಯ ಮುದುಕಿ ಹಣಮವ್ವ ಬಾಯಿ ಬಿಟ್ಟಳು. "ಒಂದು ಬ್ಯಾಸಿಗಿ ಬೆಂಗಳೂರಿನಾಗ ಅಳಿಯನ ಮನ್ಯಾಗ ಇತ್ತಲ್ಲೋ, ಯಾಕ ಸುಳ್ಳು ಹೇಳ್ತೀರಿ?" ಜಯತೀರ್ಥ ನಮಸ್ಕಾರ ಹೇಳಿ ಎದ್ದು ಬಂದ.

ಅವನು ಖಾಲಿ ಕೈಲಿ ತಿರುಗಿ ಬರುವಾಗ ಮನೆಯ ಕಟ್ಟೆಯ ಮೇಲೆ ಪ್ರಮಿಲಾಳ ಅಣ್ಣ ಹರಿ ಕೂತಿದ್ದ. ಮೈಕಟ್ಟಿನ ಆಳು, ಮೀಸೆ ದೊಡ್ಡದು. ಹಿರೋಳ್ಳಿಯಿಂದ ಆಳಂದಕ್ಕೆ, ಆಳಂದದಿಂದ ಇಲ್ಲಿಗೆ, ತಮ್ಮ ಮನೆಯ ವಿಸಿಪಿಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ.

"ನಮ್ಮ ತಂಗಿ ಮಾರಿ ನೋಡಿ ಮಷೀನು ಕೆಡ್ತಾವ ಅಂದವ್ರು ಯಾರು? ಬರ್ಲಿ ಮುಂದ!" ಎಂದು ಓಣಿಗೆಲ್ಲ ಕೇಳುವಂತೆ ಗುಡುಗಿದ. "ನಮ್ಮೂರ ಮಷೀನಿನಾಗ ನಮ್ಮೂರ ಹುಡುಗಿ ಹ್ಯಾಂಗ ಕಾಣ್ತಾಳ, ಎಲ್ಲಾರೂ ಕೂತು ನೋಡಬೇಕು!"

ಜಯತೀರ್ಥ ಮೀಸೆಗೆ ಹೆದರಲಿಲ್ಲ. ಕೌದಿ ಮುಟ್ಟಿ ನೋಡಿ, "ಇದು ಹಿರೋಳ್ಳಿ ಬಿಟ್ಟು ಎಲ್ಲೆರೆ ಹೋಗಿತ್ತೇನು?" ಎಂದು ಕೇಳಿದ.

"ಎತ್ತಿನ ಗಾಡ್ಯಾಗ ಹೊಲಕ್ಕ ಹೋಗಿತ್ತು, ಹಸಿ ಜೋಳದ ಸೀತನಿ ತಿನ್ನಾಕ ಬಂದ ಮಂದಿಗೆ ಸಿನಿಮಾ ತೋರ್ಸಾಕ."

"ಹೊಲ ಎಂಥಾದು?"

"ಕಪ್ಪ ಎರಿ."

ಜಯತೀರ್ಥ ಹರಿಯನ್ನು ಬೀದಿಯಲ್ಲೇ ತಬ್ಬಿಕೊಂಡ.

ಮರುದಿನ ಆದಿತ್ಯವಾರ ನನ್ನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಿ ಎಲ್ಲರನ್ನೂ ಕರೆದಿದ್ದ. ಶರಫುದ್ದೀನ, ಖುರ್ಷಿದಬೇಗಂ ತಮ್ಮ ಮಷೀನಿನ ನಿರ್ದೋಷಿತ್ವ ಸಾಬೀತಾಗಲೆಂದು ಬಂದಿದ್ದರು. ನಿಜಾಮುದ್ದೀನ ಸಾಹೇಬರು ವಿವರಣೆ ತೃಪ್ತಿಕರವಾಗಿಲ್ಲ, ಸ್ಥಳ ತನಿಖೆ ಮಾಡುತ್ತೇನೆ ಎಂದು ಬಂದು ನನ್ನ ಆರಾಮ ಕುರ್ಚಿ ಹಿಡಿದಿದ್ದರು. ಸಿಕಂದರ ಸ್ಪಿರಿಟ್ಟಿನ ಬಾಟಲಿ ತಂದೇ ಬಂದಿದ್ದ. ಪ್ರಮಿಲಾ ಮುಖ ಬಿಗಿದು ಬಾಗಿಲ ಹತ್ತಿರ ನಿಂತಿದ್ದಳು. ನಾನು ನನ್ನ ಮನೆಯಲ್ಲೇ ಹೊಸ್ತಿಲ ಮೇಲೆ ಕೂತಿದ್ದೆ.

ಈ ಸಲ ಕಾಕು ಕ್ಯಾಸೆಟ್ಟು ಕಳಿಸಲಿಲ್ಲ. ಮಡಿಯುಟ್ಟು, ಬೆಳ್ಳಿಯ ತಟ್ಟೆಯಲ್ಲಿ ಅದನ್ನಿಟ್ಟುಕೊಂಡು ತಾವೇ ಬಂದರು. ಜೊತೆಗೆ ಗಂಧ, ಅಕ್ಷತೆ, ಅರಿಷಿಣ, ಕುಂಕುಮ.

"ಎರಡು ಸಲ ವಿಘ್ನ ಆತು" ಎಂದರು. "ಒಳಗ ಅವಸರದಾಗ ಪೂಜಾ ಮಾಡಿ ಕಳಿಸಿದ್ದೆ, ಅದಕ್ಕs ಸಾಲಲಿಲ್ಲೋ ಏನೋ. ಇವತ್ತು ಎಲ್ಲಾರ ಎದುರಿಗೆ ಸರಿಯಾಗಿ ಮಾಡ್ತೇನಿ."

ಮೊದಲು ಹಿರೋಳ್ಳಿಯ ವಿಸಿಪಿಯ ನೆತ್ತಿಗೆ ಗಂಧ ಹಚ್ಚಿದರು. ಆಮೇಲೆ ಕ್ಯಾಸೆಟ್ಟನ್ನು ಎಡಗೈಯಲ್ಲಿ ಹಿಡಿದು, ಬಗಲಲ್ಲಿದ್ದ ಸಣ್ಣ ಗುಂಡಿಯನ್ನು ಹೆಬ್ಬೆರಳಿಂದ ಒತ್ತಿದರು. ಲಗ್ನದಲ್ಲಿ ವಿಡಿಯೋದವನು ಒತ್ತಿದ್ದನ್ನು ನೋಡಿ ಕಲಿತಿದ್ದರಂತೆ. ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಮೇಲೆದ್ದಿತು. ಒಳಗಿನ ಕರಿಯ ಪಟ್ಟಿ ಕಂಡಿತು. ಕರಿಯದೆಲ್ಲಿ ಬಂತು, ಅದು ಹಳೆಯ ಕುಂಕುಮ ಕೂತು ಕೆಂಪಗೆ ಮಿಂಚುತ್ತಿತ್ತು. ಕಾಕು ಅದರ ಮೇಲೆ ಗಂಧ ಸವರಿ, ಒಂದು ದೊಡ್ಡ ಚಿಮಟಿ ಕುಂಕುಮ ಒತ್ತಿದರು.

"ಪ್ರತಿ ಶುಕ್ರವಾರ ಹಿಂಗs ಮಾಡ್ತೇನಿ" ಎಂದರು. "ಬಾಗ್ಲಾ ಮುಚ್ಚಿ ಮ್ಯಾಲಿಂದ ಹಚ್ಚಿದ್ರ ಒಳಗಿದ್ದವರಿಗೆ ಹ್ಯಾಂಗ ಮುಟ್ಟಬೇಕು?"

ಜೆದ್ದಾದ ಮರಳು, ದುರ್ಗದ ಮಣ್ಣು ಎಲ್ಲವೂ ಆ ಬೆರಳ ತುದಿಯಲ್ಲಿತ್ತು. ಸಾಹೇಬರ ಬಾಯಿ ಅರ್ಧ ತೆರೆದದ್ದು ಹಾಗೇ ಉಳಿಯಿತು. ಶರಫುದ್ದೀನ ನನ್ನ ಮುಖ ನೋಡಿದ, ನಾನು ಸಿಕಂದರನ ಮುಖ ನೋಡಿದೆ.

ಕಾಕು ತಲೆಯೆತ್ತಿದರು. "ಯಾಕ್ರೋ, ಎಲ್ಲಾರೂ ಹಂಗ್ಯಾಕ ನೋಡಾಕತ್ತೀರಿ? ನನ್ನಿಂದ ಏನರೆ ತಪ್ಪಾತೇನು?"

ಗಂಡನಿಗೆ ತನ್ನ ಕೈಯಿಂದಲೇ ಅಡ್ಡಿಯಾಯಿತು ಎಂದು ಆ ಮುದುಕಿಗೆ ಹೇಳುವ ಎದೆ ಯಾರಿಗಿದೆ? ಮೊದಲು ಬಾಯಿ ಬಿಟ್ಟವನು ಶರಫುದ್ದೀನ.

"ಇಲ್ಲಮ್ಮಾ, ನೀವೇನು ತಪ್ಪು ಮಾಡ್ತೀರಿ? ನಮ್ ಮಷೀನಿನಾಗ ಇದ್ದದ್ದು ಜೆದ್ದಾದ ರೇತಿನೇ. ನಾನೇ ಕಣ್ಣಾರೆ ನೋಡೇನಿ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಜನ್ಮದಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕದ ಮನುಷ್ಯ ಒಮ್ಮೆ ಕೆಮ್ಮಿ, "ನಮ್ಮ ವಿಸಿಆರಿಗೆ ಮೊದಲಿಂದಾನೂ ಕಣ್ಣಾಗ ಮೋತಿಬಿಂದು, ಪೊರಿ ಇತ್ತು ಅಮ್ಮಾ. ವಯಸ್ಸಾಗ್ಯದ" ಎಂದರು.

ಅಷ್ಟು ಜನರಲ್ಲಿ ಏನೂ ತಿಳಿಯದವನು ಒಬ್ಬನೇ. ಜಯತೀರ್ಥ ಉತ್ಸಾಹದಿಂದ ಅಂಗೈ ಉಜ್ಜಿ, "ಅದನ್ನs ನಾ ಹೇಳಾಕತ್ತಿದ್ದು! ಇದು ಎರಿಮಣ್ಣಿನ ಮಷೀನು. ಈಗ ನೋಡ್ರಿ ಹ್ಯಾಂಗ ನಡೀತದ!" ಎಂದು ಕ್ಯಾಸೆಟ್ಟಿಗೆ ಕೈ ಚಾಚಿದ.

ಖುರ್ಷಿದಬೇಗಂ ಅದನ್ನು ಹದ್ದಿನ ಹಾಗೆ ಎತ್ತಿಕೊಂಡಳು. "ತಡೀರಿ ಭಾಯಿ. ಅಮ್ಮ ಪೂಜಾ ಮಾಡ್ಯಾರ, ನಾನೂ ಒಂದು ದುವಾ ಮಾಡ್ತೇನಿ" ಎಂದು ನಮ್ಮ ಅಡಿಗೆಮನೆಗೆ ನಡೆದಳು.

"ನಾನು ಆಮೀನ್ ಅನ್ನಾಕ ಹೋಗ್ತೇನಿ" ಎಂದು ಸಿಕಂದರ ಬಾಟಲಿಯನ್ನು ಬಗಲಲ್ಲಿ ಮುಚ್ಚಿಟ್ಟುಕೊಂಡು ಹಿಂದೆಯೇ ಹೋದ.

ದುವಾ ಬಹಳ ಹೊತ್ತು ನಡೆಯಿತು. ಪಡಸಾಲೆಗೆ ಸ್ಪಿರಿಟ್ಟಿನ ವಾಸನೆ ಬಂತು. ಹೊರಗೆ ಬಂದಾಗ ಖುರ್ಷಿದಬೇಗಮಳ ಬಿಳಿಯ ಸೆರಗಿನ ತುದಿ ಕೆಂಪಗಾಗಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಮೂಲೆಯಲ್ಲಿ ಕೂತಳು.

ಜಯತೀರ್ಥ ಕ್ಯಾಸೆಟ್ಟು ಹಾಕಿದ. ಹಂದರ ಬಂತು. ಭಟ್ಟರು ಬಂದರು. ಅಂತರಪಟ ಬಂತು. ಎಲ್ಲರೂ ಜೋಳದ ಸದ್ದಿಗೆ ಕಾದರು. ಬರಲಿಲ್ಲ.

ಅಂತರಪಟ ಕೆಳಗಿಳಿಯಿತು. ಅಕ್ಷತೆಯ ಮಳೆಗೆ ಕಣ್ಣು ಮುಚ್ಚಿದ ಮದುಮಗ ಜಯತೀರ್ಥ, ಎರಡೂ ಕೈಯಲ್ಲಿ ಮಾಲೆ ಎತ್ತಿ ಹಿಡಿದು, ಮುಂದೆ ಬಾಗಿ, ತಂಗಿಯನ್ನು ಹಿಡಿದುಕೊಂಡು ನಿಂತಿದ್ದ ಹರಿಯ ಕೊರಳಿಗೆ ಹಾಕಿದ. ಹರಿ ಮೀಸೆಯ ಮೇಲೆ ಮಲ್ಲಿಗೆ ಇಳಿಬಿಟ್ಟುಕೊಂಡು ಕಲ್ಲಾಗಿ ನಿಂತ.

ಮಾಸ್ತರರ ಹುಬ್ಬು ಮೊದಲು ಸಡಿಲಾಯಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಅವರು ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಎಂಥ ನಗೆ! ಕನ್ನಡಕ ಮೂಗಿನಿಂದ ಜಾರಿತು. "ಲೇ ಜಯಾ, ಅಕಿ ಆ ಕಡಿ ಇದ್ದಾಳೋ!" ಎಂದು ಕಣ್ಣೊರೆಸಿಕೊಂಡು, ಕ್ಯಾಮರಾದ ಕಡೆ ತಿರುಗಿ, ಅದರ ಹಿಂದೆ ನಿಂತ ಹೆಂಡತಿಯನ್ನು ಕೂಗಿ ಕರೆದರು. "ನೋಡಬೇ, ನೋಡು ನಿನ್ನ ಮಗನ್ನ!"

"ನೋಡಾಕತ್ತೇನ್ರಿ" ಎಂದರು ನನ್ನ ಪಡಸಾಲೆಯಲ್ಲಿ ಕೂತ ಕಾಕು.

ಪ್ರಮಿಲಾ ಬಂದು ಅತ್ತೆಯ ಬಗಲಿಗೆ ಕೂತಳು. ಪರದೆಯಲ್ಲಿ ಅವಳ ಮುಖ ಬಂದಾಗ, ಅದು ನಗೆ ತಡೆಯಲಾರದೆ ಕೆಂಪಾಗಿತ್ತು, ಬಹಳ ಚೆಂದ ಕಾಣುತ್ತಿತ್ತು. ಹಾಗೆಂದು ಮೊದಲು ಹೇಳಿದವರು ಸಾಹೇಬರೇ. ಹರಿಯೊಬ್ಬನೇ ಎದ್ದು, "ಈ ಭಾಗ ಸಿಡಿಯೊಳಗ ಬ್ಯಾಡ" ಎಂದ. ಅವನನ್ನು ಕೈ ಹಿಡಿದು ಕೂರಿಸಿದರು.

ಪಕ್ಷಮಾಸದೊಳಗೇ ಜಯತೀರ್ಥ ಹಿರೋಳ್ಳಿಯ ವಿಸಿಪಿಯನ್ನು ಗುಲಬರ್ಗಾಕ್ಕೆ ಒಯ್ದು ಸಿಡಿ ಮಾಡಿಸಿಕೊಂಡು ಬಂದ. ಒಂದಲ್ಲ, ಮೂರು. ಮೂರರಲ್ಲಿ ಯಾವುದು ಚಲೋ ಎಂದು ಇಂದಿಗೂ ತೀರ್ಮಾನವಾಗಿಲ್ಲ. ಎರೆಮಣ್ಣಿನ ಸಿದ್ಧಾಂತವನ್ನು ಗುಲಬರ್ಗಾದ ಕಂಪ್ಯೂಟರಿನವನಿಗೂ ಕಲಿಸಿ ಬಂದಿದ್ದಾನೆ.

ಸಿಡಿ ಬಂದ ಶುಕ್ರವಾರ ಕಾಕು ನನ್ನನ್ನು ಕರೆದರು. ದೇವರ ಮಾಡದ ಮುಂದೆ ಒಂದು ಸಿಡಿ ಕೈಯಲ್ಲಿ ಹಿಡಿದು ಕೂತಿದ್ದರು.

"ವ್ಯಂಕಪ್ಪಾ, ಇದಕ್ಕ ಕುಂಕುಮ ಹಚ್ಚಿದ್ರ ಏನೂ ಆಗೂದಿಲ್ಲಲ್ಲೋ?" ಎಂದು ದನಿ ತಗ್ಗಿಸಿ ಕೇಳಿದರು.

ನಾನು ಕೂರಲು ಹೋದವನು ಅರ್ಧಕ್ಕೇ ನಿಂತೆ.

"ಖುರ್ಷಿದಾನ ಸೆರಗು ನಾ ನೋಡಿಲ್ಲಂತ ತಿಳಿದೀಯೇನು? ಕಣ್ಣು ಮಂದ ಆಗ್ಯಾವ ಖರೆ, ಕುಂಕುಮ ಕಾಣದಷ್ಟಲ್ಲ. ನೀವೆಲ್ಲಾ ಕೂಡಿ ಅಷ್ಟು ಚಂದ ಸುಳ್ಳು ಹೇಳಾಕತ್ತಿದ್ರಿ, ನಡುವ ಬಾಯಿ ಹಾಕೂದು ಬ್ಯಾಡಂತ ಸುಮ್ಮನಾದೆ."

"ಏನೂ ಆಗೂದಿಲ್ಲ ಕಾಕು" ಎಂದೆ. "ನೋಡಾಕ ಬ್ಯಾರೆ ಎರಡು ಅವ. ಇದು ನಿಮ್ಮದs. ಬೇಕಾದಷ್ಟು ಹಚ್ಚರಿ."

ಕಾಕು ಸಿಡಿಯ ಹೊಳೆಯುವ ಮಗ್ಗಲನ್ನು ಎದುರಿಗೆ ಹಿಡಿದು ಹುಡುಕಿದರು. "ಇದರಾಗ ನಾನs ಕಾಣ್ತೇನಲ್ಲೋ. ಅವರೆಲ್ಲಿ?" ಎಂದರು. ಆಮೇಲೆ ಬೆರಳನ್ನು ಕುಂಕುಮದಲ್ಲಿ ಅದ್ದಿ, ನಡುವಿನ ತೂತಿನ ತುಸು ಮೇಲಕ್ಕೆ ಒಂದು ಬೊಟ್ಟು ಇಟ್ಟರು. ಅದು ಸಿಡಿಯೊಳಗಿದ್ದ ಅವರ ಬರಿ ಹಣೆಯ ನಟ್ಟನಡುವೆ ಬಂದು ಕೂತಿತು.

ಕಾಕು ಕೈ ಅಲುಗಿಸಲಿಲ್ಲ. ಮುಖವನ್ನೂ ಆ ಕಡೆ ಈ ಕಡೆ ಸರಿಸಲಿಲ್ಲ. ಹಾಗೇ ನೋಡುತ್ತ ಕೂತರು. ನಾನು ಸಪ್ಪಳಾಗದಂತೆ ಹೊಸ್ತಿಲಾಚೆ ಸರಿದೆ.

ಅಡಿಗೆಮನೆಯಿಂದ ಪ್ರಮಿಲಾ, "ಅತ್ತ್ಯಾರ, ಚಹಾ ಆರಾಕತ್ತದ, ಬರ್ರಿ" ಎಂದು ಕೂಗಿದಳು.

"ತಡಿಯವಾ, ಬರ್ತೇನಿ" ಎಂದರು ಕಾಕು. "ಇಬ್ಬರೂ ಕೂತೇವಿ ಇಲ್ಲಿ."